ಫೋರ್ ವೀಲ್ ಡ್ರೈವ್ ವಾಹನಕ್ಕೆ ಅಳತೆ ತಪ್ಪಿದ ಸ್ಟೆಪ್ನಿ: ಎಷ್ಟು ದೂರ, ಹೇಗೆ?

ಮುಂಗಾರು ಆರಂಭವಾಗುತ್ತಿದ್ದಂತೆ ಬೆಂಗಳೂರು, ಮೈಸೂರುಗಳಿಂದ ಸಕಲೇಶಪುರ, ಮೂಡಿಗೆರೆ, ಮಡಿಕೇರಿಗಳತ್ತ ಮುಖ ಮಾಡುವ ಫೋರ್ ವೀಲ್ ಡ್ರೈವ್ ವಾಹನಗಳು ಕಡಿಮೆಯೇನಲ್ಲ. ಒಂದು ಕಾಲಕ್ಕೆ ಕಾಫಿ ತೋಟಗಳಿಗೆ, ಮಾಂದಲಪಟ್ಟಿಯಂಥ ಬೆಟ್ಟಗಳಿಗೆ ಬಾಡಿಗೆಗೆ ಹೋಗುವ ಜೀಪುಗಳಿಗೆ ಸೀಮಿತವಾಗಿದ್ದ ಈ ಬಗೆಯ ವಾಹನ, 2020ರಲ್ಲಿ ಹೊಸ ಥಾರ್ ಹಾಗೂ 2023ರಲ್ಲಿ ಜಿಮ್ನಿ ಮಾರುಕಟ್ಟೆಗೆ ಬಂದ ಮೇಲೆ ನಗರದ ವಸತಿ ಸಮುಚ್ಚಯಗಳಲ್ಲೂ ಜಾಗ ಹಿಡಿದಿದೆ. ಕೊಂಡ ಕೆಲವೇ ತಿಂಗಳಲ್ಲಿ ಮೂಲ ಟೈರುಗಳನ್ನು ತೆಗೆಸಿ ದಪ್ಪ ಗ್ರಿಪ್‌ನ ದೊಡ್ಡ ಟೈರುಗಳನ್ನು ಹಾಕಿಸುವ ಹವ್ಯಾಸವೂ ಜೊತೆಗೇ ಬೆಳೆದಿದೆ. ಖರ್ಚು ಉಳಿಸುವ ಸಲುವಾಗಿ ನಾಲ್ಕೇ ಟೈರು ಕೊಂಡು, ಹಿಂಬಾಗಿಲಿನ ಸ್ಟೆಪ್ನಿಯನ್ನು ಹಾಗೆಯೇ ಬಿಡುವವರೇ ಹೆಚ್ಚು. ಕಾರಿನಲ್ಲಿ ಇದು ಅಷ್ಟಾಗಿ ಬಾಧಿಸದು. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ವಾಹನದಲ್ಲಿ ಮಾತ್ರ ಇದೇ ಉಳಿತಾಯ ಟ್ರಾನ್ಸ್‌ಫರ್ ಕೇಸಿನ ದುರಸ್ತಿಗೆ, ಕೆಲವೊಮ್ಮೆ ಘಾಟಿಯ ತಿರುವಿನಲ್ಲಿ ಅಪಾಯಕ್ಕೆ ದಾರಿ ಮಾಡಿಕೊಡುತ್ತದೆ.

ಅಂದಹಾಗೆ, ‘ಸ್ಟೆಪ್ನಿ’ ಎಂಬ ಪದ ಹುಟ್ಟಿದ್ದು ವೇಲ್ಸ್ ದೇಶದ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ. 1904ರಲ್ಲಿ ಅಲ್ಲಿನ ಡೇವಿಸ್ ಸಹೋದರರು ಮೋಟಾರು ವಾಹನಗಳಿಗೆ ಹೆಚ್ಚುವರಿ ಚಕ್ರ ತಯಾರಿಸಿ ಮಾರತೊಡಗಿದರು. ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ಮರೆತುಹೋದ ಆ ಹೆಸರು ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಇಂದಿಗೂ ಜೀವಂತವಾಗಿದೆ.

ತೊಂದರೆ ಎಲ್ಲಿಂದ?

ವಾಹನ ತಿರುವು ತೆಗೆದುಕೊಳ್ಳುವಾಗ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಈ ವ್ಯತ್ಯಾಸಕ್ಕೆ ಅವಕಾಶ ಕೊಡುವುದೇ ಆಕ್ಸಲ್ ನಡುವಿನ ಡಿಫರೆನ್ಶಿಯಲ್. ಎಡ–ಬಲ ಚಕ್ರಗಳಿಗೆ ಈ ಸೌಲಭ್ಯ ಎಲ್ಲ ವಾಹನಗಳಲ್ಲೂ ಇದೆ. ಆದರೆ ಜಿಪ್ಸಿ, ಜಿಮ್ನಿ, ಥಾರ್ ಮುಂತಾದ ‘ಪಾರ್ಟ್ ಟೈಮ್’ ಫೋರ್ ವೀಲ್ ಡ್ರೈವ್ ವಾಹನಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಶಿಯಲ್ ಇರುವುದಿಲ್ಲ. ಲಿವರನ್ನು 4ಎಚ್ ಅಥವಾ 4ಎಲ್‌ಗೆ ಹಾಕಿದ ಕ್ಷಣದಿಂದ ಎರಡೂ ಪ್ರೊಪೆಲ್ಲರ್ ಶಾಫ್ಟ್‌ಗಳು ಒಂದಕ್ಕೊಂದು ಬೆಸೆದುಕೊಂಡು ಒಂದೇ ವೇಗದಲ್ಲಿ ಸುತ್ತಲೇಬೇಕು. ಒಣ ಡಾಂಬರಿನ ಮೇಲೆ 4ಎಚ್ ಬಳಸಬಾರದೆಂದು ತಯಾರಕರು ಎಚ್ಚರಿಸುವುದು ಇದೇ ಕಾರಣಕ್ಕೆ. ನಾಲ್ಕೂ ಟೈರು ಒಂದೇ ಅಳತೆಯವಾಗಿದ್ದರೂ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತದಲ್ಲಿ ಸಾಗುತ್ತವೆ. ಆ ವ್ಯತ್ಯಾಸ ಹೊರಹೋಗಲು ದಾರಿಯಿಲ್ಲದೆ ಶಾಫ್ಟು, ಗಿಯರುಗಳಲ್ಲಿ ಬಿಗಿತವಾಗಿ ಶೇಖರಗೊಳ್ಳುತ್ತದೆ. ಅಳತೆ ತಪ್ಪಿದ ಸ್ಟೆಪ್ನಿ ಹಾಕಿದಾಗ ಈ ಬಿಗಿತಕ್ಕೆ ತಿರುವೂ ಬೇಕಿಲ್ಲ. ನೇರ ರಸ್ತೆಯಲ್ಲೇ ಅದು ಏರತೊಡಗುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಜಿಮ್ನಿಯ ಮೂಲ ಟೈರು 195/80 ಆರ್ 15. ಅದರ ವ್ಯಾಸ 693 ಮಿ.ಮೀ. ಹಲವರು ಹಾಕಿಸುವ 215/75 ಆರ್ 15 ಟೈರಿನ ವ್ಯಾಸ 703.5 ಮಿ.ಮೀ. ಅಂತರ ಕೇವಲ ಒಂದು ಸೆಂಟಿಮೀಟರ್. ಪಕ್ಕದಲ್ಲಿ ನಿಲ್ಲಿಸಿ ನೋಡಿದರೂ ಕಣ್ಣಿಗೆ ಹೊಳೆಯದು. ಆದರೆ ಸುತ್ತಳತೆಯಲ್ಲಿ ಅದು ಸುಮಾರು 33 ಮಿ.ಮೀ., ಅಂದರೆ ಶೇ 1.5. ಒಂದು ಕಿಲೋಮೀಟರ್ ಕ್ರಮಿಸಲು ಚಿಕ್ಕ ಟೈರು ದೊಡ್ಡದಕ್ಕಿಂತ ಏಳು ಸುತ್ತು ಹೆಚ್ಚು ಸುತ್ತಬೇಕು. ಆಕ್ಸಲ್‌ನ ಡಿಫರೆನ್ಶಿಯಲ್ ಎರಡು ಚಕ್ರಗಳ ಸರಾಸರಿಯನ್ನು ಶಾಫ್ಟಿಗೆ ದಾಟಿಸುವುದರಿಂದ ಅದು ಮೂರೂವರೆ ಸುತ್ತಾಗುತ್ತದೆ. ಕ್ರೌನ್–ಪಿನಿಯನ್ ಅನುಪಾತ ನಾಲ್ಕಕ್ಕೆ ಒಂದು ಎಂದಿಟ್ಟುಕೊಂಡರೆ ಹಿಂದಿನ ಶಾಫ್ಟಿಗೂ ಮುಂದಿನ ಶಾಫ್ಟಿಗೂ ಪ್ರತಿ ಕಿ.ಮೀ.ಗೆ ಸುಮಾರು 14 ಸುತ್ತುಗಳ ಜಗಳ. 4ಎಚ್‌ನಲ್ಲಿ ಎರಡೂ ಬೆಸೆದಿರುವುದರಿಂದ ಈ 14 ಸುತ್ತು ಎಲ್ಲಿಯಾದರೂ ಕರಗಬೇಕು. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಬಿಗಿತ ಕಳೆಯುತ್ತದೆ. ಡಾಂಬರಿನಲ್ಲಿ ಟೈರು ಉಜ್ಜಿಕೊಂಡು ಸವೆಯಬೇಕು, ಇಲ್ಲವೇ ಯುನಿವರ್ಸಲ್ ಜಾಯಿಂಟ್, ಟ್ರಾನ್ಸ್‌ಫರ್ ಕೇಸಿನ ಚೈನು ಅಥವಾ ಗಿಯರು ಆ ಭಾರ ಹೊರಬೇಕು.

ಅದೇ ಅಳತೆ, ಅದೇ ಕಂಪನಿಯ ಸ್ಟೆಪ್ನಿ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇರುವವರೂ ಗಮನಿಸಬೇಕಾದ ಸಂಗತಿಯೊಂದಿದೆ. ಹೊಸ ಟೈರಿನ ಗ್ರಿಪ್‌ನ ಆಳ ಸಾಮಾನ್ಯವಾಗಿ 8 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಓಡುತ್ತಿರುವ ನಾಲ್ಕು ಟೈರು ಸವೆದು 3 ಮಿ.ಮೀ.ಗೆ ಇಳಿದಿದ್ದು, ಸ್ಟೆಪ್ನಿ ಮಾತ್ರ ಒಮ್ಮೆಯೂ ನೆಲ ಮುಟ್ಟಿಲ್ಲವೆಂದಾದರೆ ವ್ಯಾಸದಲ್ಲಿ 10 ಮಿ.ಮೀ. ಅಂತರ ಬಂದೇ ಬಿಟ್ಟಿತು. ಅಂದರೆ ಮೇಲೆ ಹೇಳಿದ ದೊಡ್ಡ ಟೈರು–ಚಿಕ್ಕ ಟೈರಿನ ವ್ಯತ್ಯಾಸಕ್ಕೆ ಇದು ಹೆಚ್ಚು ಕಡಿಮೆ ಸಮ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳು ಕಾರುಗಳಿಗೆ ಕನಿಷ್ಠ 1.6 ಮಿ.ಮೀ. ಆಳ ನಿಗದಿಪಡಿಸಿವೆ, ಕಾನೂನಿನ ಮಿತಿಯೊಳಗೇ ಇದ್ದುಕೊಂಡು ಯಂತ್ರಕ್ಕೆ ಹಾನಿ ಮಾಡುವುದು ಸಾಧ್ಯ.

ಗಾಳಿ ಕಡಿಮೆ ಮಾಡಿದರೆ ಸರಿಹೋಗುತ್ತದೆಯೇ?

ದೊಡ್ಡ ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಎತ್ತರ ಸಮವಾಗುತ್ತದೆ ಎಂಬ ಸಲಹೆ ರಸ್ತೆಬದಿಯಲ್ಲಿ ಕೇಳಿಬರುವುದುಂಟು. ನೋಡಲು ಎತ್ತರ ಸಮವಾಗುವುದು ನಿಜ. ಆದರೆ ರೇಡಿಯಲ್ ಟೈರಿನ ಗ್ರಿಪ್‌ನ ಕೆಳಗೆ ಹಿಗ್ಗದ, ಕುಗ್ಗದ ಉಕ್ಕಿನ ತಂತಿಗಳ ಪಟ್ಟಿ ಇರುತ್ತದೆ. ಟೈರು ಒಂದು ಸುತ್ತಿಗೆ ಎಷ್ಟು ದೂರ ಉರುಳುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ಆ ಪಟ್ಟಿಯ ಉದ್ದವೇ ಹೊರತು ನೆಲದಿಂದ ರಿಮ್‌ನ ಎತ್ತರವಲ್ಲ. ಗಾಳಿ ಇಳಿಸಿದ್ದರಿಂದ ವ್ಯತ್ಯಾಸ ತೀರಾ ಅಲ್ಪ ಕಡಿಮೆಯಾಗಬಹುದು. ಬದಲಿಗೆ ಟೈರಿನ ಪಕ್ಕೆ ಬಿಸಿಯಾಗಿ ಸಿಡಿಯುವ ಭಯ ಹೆಚ್ಚಾಗುತ್ತದೆ. ಹೆದ್ದಾರಿಯಲ್ಲಿ ಈ ಸಲಹೆಯನ್ನು ಪಾಲಿಸಲೇಬಾರದು.

ದಾರಿಯಲ್ಲಿ ಸಿಕ್ಕ ಇನ್ನೊಂದು ಜೀಪಿನ ಚಕ್ರವನ್ನು ಕಡ ತರುವುದೂ ರೂಢಿಯಲ್ಲಿದೆ. ಹಳೆಯ ಮಹೀಂದ್ರ ಜೀಪು, ಜಿಪ್ಸಿ, ಜಿಮ್ನಿ ಇವೆಲ್ಲಕ್ಕೂ 139.7 ಮಿ.ಮೀ. ವೃತ್ತದಲ್ಲಿ ಐದು ಬೋಲ್ಟುಗಳೇ ಇರುವುದರಿಂದ ಚಕ್ರ ಕೂರುವ ಸಾಧ್ಯತೆ ಇದೆ. ಆದರೆ ಹಳೆಯ ಜೀಪಿನ 6.00–16 ಟೈರು ರೇಡಿಯಲ್ ಅಲ್ಲ. ಎರಡು ಬಗೆಯ ಟೈರುಗಳನ್ನು ಒಂದೇ ಆಕ್ಸಲ್‌ಗೆ ಹಾಕಿದರೆ ಅಳತೆಯ ಸಮಸ್ಯೆಗೆ ಹಿಡಿತದ ಸಮಸ್ಯೆಯೂ ಸೇರುತ್ತದೆ. ಬ್ರೇಕ್ ಒತ್ತಿದಾಗ ವಾಹನ ಒಂದು ಬದಿಗೆ ಎಳೆಯುತ್ತದೆ.

ಹಾಗಾದರೆ ಮಾಡಬೇಕಾದ್ದೇನು?

ಪಾರ್ಟ್ ಟೈಮ್ ವಾಹನದ ಒಡೆಯರಿಗೆ ಉತ್ತರ ಸರಳವಾಗಿದೆ. ಲಿವರು 2ಎಚ್‌ನಲ್ಲಿರಲಿ. ಆಗ ಮುಂದಿನ ಮತ್ತು ಹಿಂದಿನ ಶಾಫ್ಟುಗಳ ನಂಟು ಕಡಿದು, ಜಗಳದ ಮೂಲವೇ ಇಲ್ಲವಾಗುತ್ತದೆ. ಈ ವಾಹನಗಳಲ್ಲಿ 2ಎಚ್‌ನಲ್ಲಿ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಆದ್ದರಿಂದ ಹೊಂದದ ಸ್ಟೆಪ್ನಿಯನ್ನು ಮುಂದಕ್ಕೆ ಹಾಕುವುದು ಲೇಸು. ಪಂಕ್ಚರ್ ಆದದ್ದು ಹಿಂದಿನ ಚಕ್ರವಾದರೆ ಮುಂದಿನ ಒಂದು ಚಕ್ರವನ್ನು ಹಿಂದಕ್ಕೆ ಸಾಗಿಸಿ, ಸ್ಟೆಪ್ನಿಯನ್ನು ಆ ಜಾಗಕ್ಕೆ ಕೂರಿಸಬೇಕು. ಎರಡು ಬಾರಿ ಜಾಕ್ ಏರಿಸುವ ಕೆಲಸ ನಿಜ. ಮಳೆಯಲ್ಲಿ ಯಾರಿಗೂ ಇಷ್ಟವಾಗದು. ಸ್ಟೆಪ್ನಿಯನ್ನು ಹಿಂದೆಯೇ ಹಾಕಿದರೂ ವಾಹನ ಓಡುತ್ತದೆ. ಆದರೆ ಡಿಫರೆನ್ಶಿಯಲ್‌ನೊಳಗಿನ ಚಿಕ್ಕ ಗಿಯರುಗಳಿಗೆ ನೇರ ರಸ್ತೆಯಲ್ಲೂ ಬಿಡುವಿಲ್ಲ. ಚಕ್ರಗಳ ನಡುವಿನ ಅಗಲ 1.4 ಮೀಟರ್ ಇರುವ ವಾಹನದಲ್ಲಿ ಶೇ 1.5ರ ವ್ಯತ್ಯಾಸವೆಂದರೆ, ಪ್ರತಿ ಕಿ.ಮೀ.ಗೆ ವಾಹನ ಒಂದೂಮುಕ್ಕಾಲು ಪ್ರದಕ್ಷಿಣೆ ಹಾಕಿದಷ್ಟು ಕೆಲಸ. ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಇದು ದೊಡ್ಡದಲ್ಲ. ಸಕಲೇಶಪುರದಿಂದ ಬೆಂಗಳೂರಿನವರೆಗೆ ದೊಡ್ಡದೇ. ಹಿಂದಿನ ಆಕ್ಸಲ್‌ನಲ್ಲಿ ಕ್ಲಚ್ ಬಿಲ್ಲೆಗಳ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಇದ್ದರೆ ಬಿಲ್ಲೆಗಳು ಸದಾ ಉಜ್ಜಿಕೊಳ್ಳುವುದರಿಂದ ಮೇಲಿನ ಅದಲು ಬದಲು ಮಾಡದೆ ಹೊರಡಬಾರದು.

ಕೆಸರಿನಲ್ಲಿ ಸಿಕ್ಕಿಕೊಂಡರೆ? ಫೋರ್ ವೀಲ್ ಹಾಕಿ ಹೊರಬರಬಹುದು. ಜಾರುವ ನೆಲದಲ್ಲಿ ಬಿಗಿತ ನಿಲ್ಲುವುದಿಲ್ಲ. ಗಟ್ಟಿ ನೆಲ ಸಿಕ್ಕಿದೊಡನೆ ತೆಗೆಯಬೇಕು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಮಳೆ ನೀರು ಹರಿಯುತ್ತಿರುವ ಡಾಂಬರು ಕೆಸರಲ್ಲ. ಚಾರ್ಮಾಡಿ, ಶಿರಾಡಿಗಳಂಥ ಘಾಟಿಯಲ್ಲಿ ಒದ್ದೆ ರಸ್ತೆ ಕಂಡು ಭದ್ರತೆಗೆಂದು 4ಎಚ್ ಹಾಕಿ ಇಳಿಯುವವರಿದ್ದಾರೆ. ಹೊಂದದ ಸ್ಟೆಪ್ನಿ ಇದ್ದಾಗ ಒದ್ದೆ ಡಾಂಬರಿನ ಹಿಡಿತ ಬಿಗಿತವನ್ನು ಕಟ್ಟಿಕೊಳ್ಳಲು ಸಾಕು. ಮುಂದಿನ ತಿರುವಿನಲ್ಲಿ ಪಾಚಿಯೋ ಮಣ್ಣೋ ಬಿದ್ದ ಜಾಗಕ್ಕೆ ಒಂದು ಚಕ್ರ ತಲುಪಿದೊಡನೆ ಅದೆಲ್ಲವೂ ಒಮ್ಮೆಲೆ ಬಿಡುಗಡೆಯಾಗಿ ವಾಹನ ಜಗ್ಗುತ್ತದೆ. ಇಳಿಜಾರಿನಲ್ಲಿ ಇಂಥ ಜಗ್ಗಾಟ ಯಾರಿಗೂ ಬೇಡ. 2ಎಚ್‌ನಲ್ಲಿ ಕೆಳಗಿನ ಗಿಯರು ಹಾಕಿ ನಿಧಾನವಾಗಿ ಇಳಿಯುವುದೇ ಕ್ಷೇಮ.

ಸ್ಟಿಯರಿಂಗ್ ಬಿಗಿಯಾಗುವುದು, ತಿರುವಿನಲ್ಲಿ ಚಕ್ರ ಕುಪ್ಪಳಿಸಿದಂತಾಗುವುದು, 4ಎಚ್‌ನಿಂದ 2ಎಚ್‌ಗೆ ಲಿವರು ಬಾರದಿರುವುದು ಬಿಗಿತದ ಲಕ್ಷಣಗಳು. ಲಿವರನ್ನು ಬಲವಂತದಿಂದ ಎಳೆಯಬಾರದು. ನೇರವಾಗಿ ಕೆಲವು ಮೀಟರ್ ಹಿಂದಕ್ಕೆ ಚಲಿಸಿದರೆ ಸಾಮಾನ್ಯವಾಗಿ ಸಡಿಲವಾಗುತ್ತದೆ.

ಸದಾಕಾಲ ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ವಾಹನಗಳ ಕಥೆ ಬೇರೆ. ಅಲ್ಲಿ ಬಿಗಿತದ ಬದಲು ಬಿಸಿಯೇ ಶತ್ರು. 1997ರಲ್ಲಿ ಬಂದ ಲ್ಯಾಂಡ್ ರೋವರ್ ಫ್ರೀಲ್ಯಾಂಡರ್‌ನಲ್ಲಿ ಎರಡು ಆಕ್ಸಲ್‌ಗಳನ್ನು ಜೋಡಿಸುತ್ತಿದ್ದುದು ದಪ್ಪ ಸಿಲಿಕೋನ್ ದ್ರವ ತುಂಬಿದ ವಿಸ್ಕಸ್ ಕಪ್ಲಿಂಗ್. ವೇಗದ ವ್ಯತ್ಯಾಸ ಮುಂದುವರಿದಂತೆ ಆ ದ್ರವ ಬಿಸಿಯಾಗಿ ಗಡುಸಾಗುತ್ತದೆ. ಸಮವಿಲ್ಲದ ಟೈರುಗಳಿಂದ ಆ ವಾಹನದ ಗಿಯರು ಪೆಟ್ಟಿಗೆಗಳು ಹಾಳಾದ ಪ್ರಸಂಗಗಳು ಕುಖ್ಯಾತ. ಜಪಾನಿನ ಸುಬಾರು ಕಂಪನಿ ನಾಲ್ಕು ಟೈರುಗಳ ಸುತ್ತಳತೆಯ ಅಂತರ ಕಾಲು ಇಂಚು ಮೀರಬಾರದೆನ್ನುತ್ತದೆ. ಗ್ರಿಪ್‌ನ ಆಳದಲ್ಲಿ ಅದು ಬರೀ ಒಂದು ಮಿ.ಮೀ. ಅದರ ಹಳೆಯ ಆಟೊಮ್ಯಾಟಿಕ್ ಮಾದರಿಗಳಲ್ಲಿ ಸ್ಟೆಪ್ನಿ ಹಾಕಿದಾಗ ಹಿಂದಿನ ಚಕ್ರಗಳ ಶಕ್ತಿ ಕಡಿಯಲೆಂದೇ ಒಂದು ಫ್ಯೂಸಿನ ಜಾಗವಿತ್ತು. ರೆನೊ ಡಸ್ಟರ್‌ನ ಫೋರ್ ವೀಲ್ ಮಾದರಿಯಲ್ಲಿ ತಿರುಗಿಸುವ ಗುಂಡಿಯನ್ನು ಎರಡು ಚಕ್ರದ ಸ್ಥಾನಕ್ಕೆ ತಂದು, ಸ್ಟೆಪ್ನಿಯನ್ನು ಹಿಂದೆ ಹಾಕಿದರೆ ಸಾಕು. ಅದರಲ್ಲಿ ಮುಖ್ಯ ಚಾಲನೆ ಮುಂದಿನ ಚಕ್ರಗಳದ್ದು. ಇಂಥ ಆಯ್ಕೆಯೇ ಇಲ್ಲದ ವಾಹನವಾದರೆ ಕೈಪಿಡಿಯಲ್ಲಿ ನಮೂದಿಸಿದ ದೂರ ಮೀರುವ ಬದಲು, ನಾಲ್ಕೂ ಚಕ್ರ ಮೇಲಿರುವಂತೆ ಟ್ರಕ್ಕಿನ ಮೇಲೆ ಸಾಗಿಸುವುದು ಅಗ್ಗ.

ಕೆಲವು ವಾಹನಗಳೊಂದಿಗೆ ಬರುವ ತೆಳು ಸ್ಟೆಪ್ನಿಯ ಮೇಲೆ ಅಳತೆಗೆ ಮುಂಚೆ ‘ಟಿ’ ಅಕ್ಷರ, 80 ಕಿ.ಮೀ. ವೇಗದ ಮಿತಿ ಇರುತ್ತವೆ. ಅದಕ್ಕೆ ಬೇಕಾದ ಗಾಳಿ 60 ಪಿಎಸ್‌ಐ. ಬೇರೆ ಟೈರುಗಳಂತೆ 30–32 ತುಂಬಿಸಿದರೆ ಅಪಾಯ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ, ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ದುರಸ್ತಿ ಕಿಟ್ ಇರುವ ಪ್ರಯಾಣಿಕ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು ನಿಯಮ ಬದಲಿಸಿತು. ಮೊಳೆ ಚುಚ್ಚಿದ ತೂತಿಗೆ ಕಿಟ್ ಸಾಕು. ಕಲ್ಲಿಗೆ ತಾಗಿ ಟೈರಿನ ಪಕ್ಕೆ ಸೀಳಿದರೆ, ಮಲೆನಾಡಿನ ತೋಟದ ರಸ್ತೆಯಲ್ಲಿ ಹೆಚ್ಚಾಗಿ ಆಗುವುದು ಅದೇ, ಕಿಟ್‌ನಿಂದ ಪ್ರಯೋಜನವಿಲ್ಲ.

ಟೈರು ಬದಲಿಸುವಾಗ ಐದನ್ನೂ ಕೊಳ್ಳುವುದು, ಪ್ರತಿ 10 ಸಾವಿರ ಕಿ.ಮೀ.ಗೆ ಸ್ಟೆಪ್ನಿಯನ್ನೂ ಸೇರಿಸಿ ಐದು ಚಕ್ರಗಳನ್ನು ಸರದಿಯಲ್ಲಿ ಬದಲಿಸುವುದು ಇದಕ್ಕೆ ಇರುವ ಶಾಶ್ವತ ಪರಿಹಾರ. ಒಂದೇ ದಿಕ್ಕಿಗೆ ಸುತ್ತಬೇಕೆಂಬ ಬಾಣದ ಗುರುತಿರುವ ಟೈರುಗಳಿಗೆ ಈ ಸರದಿ ಪೂರ್ತಿಯಾಗಿ ಒಗ್ಗದು. ದೊಡ್ಡ ಟೈರು ಹಾಕಿಸುವವರು ಹಿಂಬಾಗಿಲಿನ ಕಬ್ಬಿಣದ ಆಧಾರ ಆ ತೂಕ ತಾಳುವುದೇ ಎಂಬುದನ್ನೂ ನೋಡಬೇಕು. ಮೂಲ ಸ್ಟೆಪ್ನಿ ಉಕ್ಕಿನ ರಿಮ್‌ನದಾಗಿದ್ದು, ಉಳಿದವು ಅಲಾಯ್ ಆಗಿದ್ದರೆ ಎರಡಕ್ಕೂ ಅದೇ ನಟ್ಟುಗಳು ಸರಿಯಾಗಿ ಕೂರುತ್ತವೆಯೇ ಎಂದು ಮನೆಯಂಗಳದಲ್ಲೇ ಒಮ್ಮೆ ಹಾಕಿ ನೋಡುವುದು ಒಳಿತು. ಬಳಸದ ರಬ್ಬರಿಗೂ ವಯಸ್ಸಾಗುತ್ತದೆ. ಟೈರಿನ ಪಕ್ಕೆಯ ಮೇಲೆ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. 2319 ಎಂದಿದ್ದರೆ ಅದು ತಯಾರಾದದ್ದು 2019ರ 23ನೇ ವಾರದಲ್ಲಿ.