ಬೆಲ್ ಕರ್ವ್ ನಮ್ಮ ಮಾರ್ಕ್ಸ್ ತಿನ್ನುತ್ತಾ? | ದಂಡಿನ ಕಥೆಗಳು, ಭಾಗ 7

ರಿಸಲ್ಟ್ ಹತ್ರ ಬಂತು ಅಂದ್ರೆ ಹಲಸೂರು ಮೆಟ್ರೋ ಮೆಟ್ಟಿಲ ಮೇಲೆ ಒಂದೇ ಮಾತು: "ಈ ಸಲ ಬೆಲ್ ಕರ್ವ್ ಅಂತೆ ಮಗಾ. ಎಲ್ರೂ ಚೆನ್ನಾಗಿ ಬರೆದ್ರೆ ಎಲ್ರಿಗೂ ಕಟ್." ಹೋದ ಸೆಮ್‌ನಲ್ಲಿ ನಾನೂ ಇದನ್ನ ನಂಬಿದ್ದೆ. ಫ್ರೆಂಡ್ ನೋಟ್ಸ್ ಕೇಳಿದಾಗ "ಮನೇಲಿ ಮರೆತೆ" ಅಂದೆ. ಬ್ಯಾಗಲ್ಲೇ ಇತ್ತು. ಆಮೇಲೆ ಕೂತು ಓದಿದೆ. ನೀವೂ ಕೇಳಿ.

🔔 1809. ಬ್ರಿಟಿಷರು ಹಲಸೂರಿನ ಪಕ್ಕ ದಂಡು ಕಟ್ಟುತ್ತಿದ್ದ ಕಾಲ. ಅದೇ ವರ್ಷ ಜರ್ಮನಿಯಲ್ಲಿ ಗೌಸ್ ಗ್ರಹಗಳ ಚಲನೆ ಮೇಲೆ ಪುಸ್ತಕ ತಂದ. ಅಳತೆಯ ತಪ್ಪುಗಳು ಗಂಟೆಯ ಆಕಾರದಲ್ಲಿ ಹರಡುತ್ತವೆ ಅನ್ನೋ ಲೆಕ್ಕ ಅದರಲ್ಲಿದೆ. ಗಮನಿಸಿ: ಅದು ಆಕಾಶ ಅಳೆಯೋವಾಗ ಆಗೋ ತಪ್ಪಿನ ಲೆಕ್ಕ, ಹುಡುಗರ ಬುದ್ಧಿಯದಲ್ಲ.

🔔 1888. ಇಂಗ್ಲೆಂಡಿನ ಎಜ್‌ವರ್ತ್ ಅದೇ ಲೆಕ್ಕವನ್ನ ಪರೀಕ್ಷೆಗೆ ತಂದ. ಒಂದೇ ಉತ್ತರಕ್ಕೆ ಬೇರೆ ಬೇರೆ ಪರೀಕ್ಷಕರು ಬೇರೆ ಬೇರೆ ಅಂಕ ಕೊಡ್ತಾರೆ, ಅಂಕದಲ್ಲೂ ತಪ್ಪಿರುತ್ತೆ ಅಂದ.

🔔 1908. ಅಮೆರಿಕದ ಮಿಸೌರಿಯಲ್ಲಿ ಮ್ಯಾಕ್ಸ್ ಮೇಯರ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಶೇ. 3 ಮಂದಿಗೆ ಅತ್ಯುತ್ತಮ, 22ಕ್ಕೆ ಉತ್ತಮ, 50ಕ್ಕೆ ಮಧ್ಯಮ, 22ಕ್ಕೆ ಕೆಳಗಿನ ದರ್ಜೆ, 3ಕ್ಕೆ ಫೇಲ್ ಅಂತ ಪಾಲು ಹಂಚಬೇಕು ಅಂದ. ನಾವು ಹೆದರೋದು ಈ ಕರ್ವ್‌ಗೆ.

ಸರಿ, ನಮ್ಮೂರಲ್ಲಿ? ಸೆಂಟ್ರಲ್ ಕಾಲೇಜಿನವರು ಮೊದಲು ಬರೀತಿದ್ದಿದ್ದು ಮದ್ರಾಸ್ ವಿಶ್ವವಿದ್ಯಾಲಯದ ಪರೀಕ್ಷೆ. 1916ರಲ್ಲಿ ಮೈಸೂರು, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬಂತು. ನಮ್ಮಪ್ಪ ಅಮ್ಮನ ಕಾಲದ ಲೆಕ್ಕ ಗೊತ್ತಲ್ಲ, 60 ಬಂದ್ರೆ ಫಸ್ಟ್ ಕ್ಲಾಸ್. ಎಷ್ಟು ಜನಕ್ಕೆ ಬೇಕಾದ್ರೂ ಬರಬಹುದು, ಗೆರೆ ಮೊದಲೇ ಎಳೆದಿರುತ್ತೆ.

ಯುಜಿಸಿ ಸಿಬಿಸಿಎಸ್ ತಂದಾಗ ಎರಡು ದಾರಿನೂ ಬಿಟ್ಟಿತು: ಗೆರೆ ಮೊದಲೇ ಎಳೆಯೋದು, ಇಲ್ಲಾ ಕ್ಲಾಸಿನ ಅಂಕ ನೋಡಿ ಎಳೆಯೋದು. ಕೆ.ಆರ್. ಪುರದ ಕಡೆ ವಿಟಿಯು ಪರೀಕ್ಷೆ ಬರೆಯೋರು ಕೇಳಿ: ನಿಮ್ಮದು ಮೊದಲನೇ ದಾರಿ. 90 ದಾಟಿದ್ರೆ 10 ಪಾಯಿಂಟ್, ಪಕ್ಕದವನಿಗೆ 95 ಬಂದ್ರೂ ಅಷ್ಟೇ. ಎರಡನೇ ದಾರಿ ಐಐಟಿಗಳಂಥ ಕಡೆ ಇದೆ. ಕೆಲವು ಸ್ವಾಯತ್ತ ಸಂಸ್ಥೆಗಳಲ್ಲೂ ಇರಬಹುದು, ಅಲ್ಲಿ ಓದೋರು ನಿಯಮದ ಪುಸ್ತಕ ನೋಡ್ಕೊಳ್ಳಿ.

ಹಾಗಾದ್ರೆ ಅಂಕ ಯಾಕೆ ಕೈ ಕೊಡುತ್ತೆ? ಎಜ್‌ವರ್ತ್ ಮಾತು ನೆನಪಿಸ್ಕೊಳ್ಳಿ. ಅನುಮಾನ ಇದ್ರೆ ಉತ್ತರ ಪತ್ರಿಕೆಯ ಜೆರಾಕ್ಸ್ ತಗೊಳ್ಳಿ, ಮರುಮೌಲ್ಯಮಾಪನದ ಕೊನೇ ದಿನ ಮರೀಬೇಡಿ. ಫ್ರೆಂಡನ್ನ ಅನುಮಾನಿಸಬೇಡಿ.

ಈ ಸೆಮ್ ನೋಟ್ಸ್ ಕೊಟ್ಟೆ, ನಿಜಾನೂ ಹೇಳ್ದೆ. ಅವಳು ನಕ್ಕಳು: "ಗೊತ್ತು ಕಣೇ. ಅವತ್ತು ನಿನ್ ಬ್ಯಾಗ್ ಜಿಪ್ ತೆಗೆದೇ ಇತ್ತು."

ನಿಮ್ಮ ಕಾಲೇಜಲ್ಲಿ ಯಾವ ದಾರಿ? ಕಾಮೆಂಟಲ್ಲಿ ಹೇಳಿ 👇

#ದಂಡಿನಕಥೆಗಳು #ಹಲಸೂರು #ಬೆಲ್‌ಕರ್ವ್