ವ್ಯಸನ

ವಿ ಉಪಸರ್ಗದ ಮುಂದೆ 'ಎಸೆ' ಎಂಬರ್ಥದ ಅಸ್ ಧಾತು ಸೇರಿ ವ್ಯಸನ ಆಗಿದೆ. ಒಳಿತಿನಿಂದ ಮನುಷ್ಯನನ್ನು ಆಚೆ ಎಸೆಯುವುದೇ ವ್ಯಸನ ಎಂದು ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣ ವಿವರಿಸುತ್ತದೆ. ಅಲ್ಲಿ ರಾಜ್ಯಕ್ಕೆ ಬರುವ ವಿಪತ್ತೂ ವ್ಯಸನವೇ, ರಾಜನ ಜೂಜು ಕುಡಿತಗಳೂ ವ್ಯಸನವೇ. ಜೈನರ ಸಪ್ತವ್ಯಸನಗಳಲ್ಲಿ ಮದ್ಯಪಾನವೂ ಒಂದು.

ಕನ್ನಡದಲ್ಲಿ ಈ ಪದಕ್ಕೆ ದುಃಖವೆಂಬ ಅರ್ಥವೂ ಇದೆ. "ವ್ಯಸನ ಪಡಬೇಡಮ್ಮ" ಎಂದು ಸಮಾಧಾನ ಹೇಳುವವರಿಗೆ ಕುಡಿತದ ನೆನಪೇ ಬರುವುದಿಲ್ಲ. ವೈದ್ಯರ ಅನುಭವದಲ್ಲಿ ಈ ಎರಡು ಅರ್ಥಗಳೂ ಒಟ್ಟಿಗೆ ಕಾಣುತ್ತವೆ: ಮದ್ಯವ್ಯಸನ ಮತ್ತು ಖಿನ್ನತೆ ಎಷ್ಟೋ ಸಲ ಒಬ್ಬರಲ್ಲೇ ಇರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 1964ರಲ್ಲಿ 'ವ್ಯಸನ' ಎಂಬರ್ಥದ ಪದದ ಬದಲು 'ಅವಲಂಬನೆ' ಎಂಬರ್ಥದ ಪದವನ್ನು ಶಿಫಾರಸು ಮಾಡಿತು. ನಮ್ಮಲ್ಲಿ ಫಲಕಗಳ ಮೇಲೆ ಉಳಿದದ್ದು 'ವ್ಯಸನಮುಕ್ತಿ ಕೇಂದ್ರ'. 'ಕುಡುಕ' ಎನ್ನುವುದಕ್ಕಿಂತ 'ಮದ್ಯವ್ಯಸನಿ' ಎಷ್ಟೋ ಮೇಲು. ಬೈಗುಳ ಕೇಳಿಸಿಕೊಂಡವರು ಚಿಕಿತ್ಸೆಗೆ ಬರಲು ಹಿಂಜರಿಯುತ್ತಾರೆ.

'ಕುಡಿತ ಬಿಡಿಸುವ ಮಾತ್ರೆ' ಎಂದು ಜನ ಕರೆಯುವ ಡೈಸಲ್ಫಿರಾಮ್ ಬಗ್ಗೆ ಮನೆಯವರಿಗೆ ಒಂದು ಮಾತು ಹೇಳಲೇಬೇಕು. ಮದ್ಯದಿಂದ ಹುಟ್ಟುವ ಅಸಿಟಾಲ್ಡಿಹೈಡ್ ದೇಹದಲ್ಲಿ ವಿಭಜನೆಯಾಗದಂತೆ ಅದು ತಡೆಯುತ್ತದೆ. ಮಾತ್ರೆ ನುಂಗಿದವರು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಹೇಳದೆ ಸಾರಿನಲ್ಲಿ ಬೆರೆಸಿ ಕೊಡುವುದು ಖಂಡಿತ ತಪ್ಪು. ಮಾತ್ರೆ ನಿಲ್ಲಿಸಿದರೂ ಎರಡು ವಾರದವರೆಗೆ ಅದರ ಪರಿಣಾಮ ಉಳಿಯಬಹುದು, ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ಪೂ ಆಗ ಬೇಡ.