ಚಿಂತೆ ಮತ್ತು ಸಕ್ಕರೆ: ಒಂದು ಹಳೆಯ ನಂಟಿನ ಇತಿಹಾಸ



ನಾನು ವೈದ್ಯನಲ್ಲ, ಇತಿಹಾಸದ ವಿದ್ಯಾರ್ಥಿ. ಆದ್ದರಿಂದ ಔಷಧಿಯ ಸಲಹೆ ಕೊಡಲು ಇಲ್ಲಿ ನಿಂತಿಲ್ಲ. ನಮ್ಮ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಮಾತನ್ನು ಹಿಡಿದು ಹೊರಡುತ್ತೇನೆ: "ಟೆನ್ಶನ್ ಮಾಡ್ಕೋಬೇಡಿ, ಶುಗರ್ ಜಾಸ್ತಿ ಆಗುತ್ತೆ." ಊರಿನಲ್ಲಿರುವ ಅಪ್ಪ ಅಮ್ಮನಿಗೆ ನಾವು ಫೋನಿನಲ್ಲಿ ಹೀಗೆ ಹೇಳುತ್ತೇವೆ. ಅವರೂ ನಮಗೆ ಅದನ್ನೇ ಹೇಳುತ್ತಾರೆ. ಈ ಮಾತು ಎಲ್ಲಿಂದ ಬಂತು? ಅದರಲ್ಲಿ ಎಷ್ಟು ನಿಜವಿದೆ? ನಿಜವಾಗಿದ್ದರೆ, ಅದನ್ನು ಯಾರಿಗೆ ಹೇಗೆ ಹೇಳಬೇಕು?

ಮಾತು ಬಹಳ ಹಳೆಯದು. ಚರಕ ಸಂಹಿತೆಯು ಪ್ರಮೇಹಗಳನ್ನು ವಿಂಗಡಿಸಿ, ಮಧುಮೇಹವನ್ನು ವಾತದಿಂದ ಹುಟ್ಟುವ ಗುಂಪಿಗೆ ಸೇರಿಸುತ್ತದೆ. ಆ ಗುಂಪಿನ ಕಾರಣಗಳ ಪಟ್ಟಿಯಲ್ಲಿ ಉಪವಾಸ, ಜಾಗರಣೆಗಳ ಜೊತೆಗೆ ಉದ್ವೇಗ, ಶೋಕಗಳೂ ಇವೆ. ಯುರೋಪಿನಲ್ಲಿ 17ನೆಯ ಶತಮಾನದ ಇಂಗ್ಲಿಷ್ ವೈದ್ಯ ಥಾಮಸ್ ವಿಲಿಸ್, ರೋಗಿಗಳ ಮೂತ್ರ ಸಿಹಿಯಾಗಿರುವುದನ್ನು ಬರೆದಿಟ್ಟವನು, ದೀರ್ಘಕಾಲದ ದುಃಖದಿಂದ ಈ ಕಾಯಿಲೆ ಬರಬಹುದೆಂದು ಭಾವಿಸಿದ್ದ. ಇಬ್ಬರೂ ಇದನ್ನು ಪ್ರಯೋಗಶಾಲೆಯಲ್ಲಿ ಕಂಡದ್ದಲ್ಲ. ರೋಗಿಯನ್ನು ನೋಡಿ, ಅವನ ಕಥೆ ಕೇಳಿ ಬರೆದ ಮಾತುಗಳಿವು.

ಪ್ರಯೋಗ ಶುರುವಾದದ್ದು 19ನೆಯ ಶತಮಾನದಲ್ಲಿ. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1849ರಲ್ಲಿ ಪ್ರಾಣಿಯ ಮಿದುಳಿನ ಕೆಳಭಾಗದ ಒಂದು ಜಾಗಕ್ಕೆ ಸೂಜಿ ಚುಚ್ಚಿದಾಗ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಪಿತ್ತಜನಕಾಂಗವು ಸಕ್ಕರೆಯನ್ನು ಕೂಡಿಟ್ಟುಕೊಂಡು ಬೇಕಾದಾಗ ಬಿಡುಗಡೆ ಮಾಡುತ್ತದೆ ಎಂದು ತೋರಿಸಿದವನೂ ಅವನೇ. ಮಿದುಳಿಗೂ ಸಕ್ಕರೆಗೂ ದಾರಿಯಿದೆ ಎಂಬುದು ಹೀಗೆ ಮೊದಲ ಸಲ ಕಣ್ಣಿಗೆ ಬಿತ್ತು.

ಮುಂದಿನ ಹೆಜ್ಜೆ ಅಮೆರಿಕದ್ದು. ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ 1911ರಲ್ಲಿ ಹೆದರಿದ ಬೆಕ್ಕುಗಳ ಮೂತ್ರದಲ್ಲಿ ಸಕ್ಕರೆ ಬರುವುದನ್ನು ವರದಿ ಮಾಡಿದ. ಆಮೇಲೆ ಮನುಷ್ಯರ ಕಡೆ ತಿರುಗಿದ. ವಿಶ್ವವಿದ್ಯಾಲಯದ ಫುಟ್ಬಾಲ್ ತಂಡದ 25 ಜನರನ್ನು 1913ರ ಋತುವಿನ ಕೊನೆಯ, ಅತ್ಯಂತ ಬಿರುಸಿನ ಪಂದ್ಯ ಮುಗಿದ ಮೇಲೆ ಪರೀಕ್ಷಿಸಿದಾಗ 12 ಮಂದಿಯ ಮೂತ್ರದಲ್ಲಿ ಸಕ್ಕರೆ ಇತ್ತು. ಅವರಲ್ಲಿ ಐವರು ಮೈದಾನಕ್ಕೆ ಇಳಿದೇ ಇರಲಿಲ್ಲ. ಬದಲಿ ಆಟಗಾರರಾಗಿ ಬದಿಯಲ್ಲಿ ಕೂತು ಪಂದ್ಯ ನೋಡುತ್ತಿದ್ದವರು. ಓಡದ ಕಾಲು, ಏರಿದ ಸಕ್ಕರೆ! ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಆ ಐವರೇ ಅತ್ಯಂತ ಮುಖ್ಯ ಸಾಕ್ಷಿಗಳು.

ಇದರ ಕಾರ್ಯಕಾರಣ ಈಗ ಸ್ಪಷ್ಟವಾಗಿದೆ. ಅಪಾಯ ಕಂಡಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳನ್ನು ಹೊರಡಿಸುತ್ತದೆ. ಓಡಲು ಅಥವಾ ಹೋರಾಡಲು ಇಂಧನ ಬೇಕು. ಪಿತ್ತಜನಕಾಂಗ ತನ್ನ ಕಣಜದ ಬಾಗಿಲು ತೆರೆಯುತ್ತದೆ, ಇನ್ಸುಲಿನ್‌ನ ಕೆಲಸ ಮಂದವಾಗುತ್ತದೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಸ್ವಲ್ಪ ಹೊತ್ತಿನಲ್ಲೇ ಎಲ್ಲವನ್ನೂ ಸರಿದೂಗಿಸುತ್ತದೆ. ಮಧುಮೇಹಿಗಳಲ್ಲಿ ಆ ಬ್ರೇಕ್ ದುರ್ಬಲ. ಕಚೇರಿಯ ಮೀಟಿಂಗಿನಲ್ಲಿ ಯಾರೂ ಓಡುವುದಿಲ್ಲ, ಹೊರಬಂದ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಇದು ನೇರ ದಾರಿ. ಸುತ್ತಿನ ದಾರಿಯೂ ಒಂದಿದೆ: ಚಿಂತೆಯಲ್ಲಿ ನಿದ್ದೆ ಕೆಡುತ್ತದೆ, ವಾಕಿಂಗ್ ತಪ್ಪುತ್ತದೆ, ಊಟದ ಹೊತ್ತು ಏರುಪೇರಾಗುತ್ತದೆ, ಮಾತ್ರೆ ಮರೆತುಹೋಗುತ್ತದೆ. ಎಲ್ಲರಿಗೂ ಒಂದೇ ರೀತಿ ಆಗುವುದೂ ಇಲ್ಲ. ಟೈಪ್ 1 ಇರುವ ಕೆಲವರಿಗೆ ಒತ್ತಡದಲ್ಲಿ ಸಕ್ಕರೆ ಇಳಿಯುವುದುಂಟು.

ಇಷ್ಟೆಲ್ಲ ಗೊತ್ತಾದ ಮೇಲೂ ಮನಸ್ಸಿನ ಮಾತು ಬಹುಕಾಲ ಹಿಂದೆ ಸರಿಯಿತು. ಕಾರಣ ಒಂದು ದೊಡ್ಡ ಗೆಲುವು. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿತು. ಎರಡೇ ವರ್ಷದಲ್ಲಿ ನಾವಿರುವ ಈ ದೇಶದಲ್ಲೇ ಅದರ ತಯಾರಿಕೆ ಶುರುವಾಯಿತು. ಬ್ರಾಬಾಂಟ್ ಪ್ರಾಂತ್ಯದ ಓಸ್ ಊರಿನಲ್ಲಿ ಮಾಂಸದ ಕಾರ್ಖಾನೆ ನಡೆಸುತ್ತಿದ್ದ ಸಾಲ್ ವಾನ್ ಸ್ವಾನೆನ್‌ಬರ್ಗ್, ಆಮ್‌ಸ್ಟರ್‌ಡ್ಯಾಮ್‌ನ ಪ್ರೊಫೆಸರ್ ಅರ್ನ್ಸ್ಟ್ ಲಾಕ್ವೆರ್ ಮುಂತಾದವರು ಸೇರಿ 1923ರಲ್ಲಿ ಆರ್ಗನಾನ್ ಕಂಪನಿ ಕಟ್ಟಿದರು. ಕಸಾಯಿಖಾನೆಯಲ್ಲಿ ಉಳಿಯುತ್ತಿದ್ದ ಮೇದೋಜೀರಕ ಗ್ರಂಥಿಗಳಿಂದ ಇನ್ಸುಲಿನ್ ತೆಗೆದರು. ಸಾಯುತ್ತಿದ್ದ ಮಕ್ಕಳು ಬದುಕಿದರು. ಅಂಥ ಗೆಲುವಿನ ಮುಂದೆ "ಚಿಂತೆಯಿಂದ ಸಕ್ಕರೆ" ಎಂಬುದು ಅಜ್ಜಿಯ ಮಾತಿನಂತೆ ಕೇಳಿದ್ದರೆ ಆಶ್ಚರ್ಯವಿಲ್ಲ.

ಆ ಮಾತನ್ನು ಮತ್ತೆ ಮೇಜಿನ ಮೇಲೆ ತಂದವುಗಳಲ್ಲಿ ಇಲ್ಲಿನದೇ ಒಂದು ಅಧ್ಯಯನವಿದೆ. ಉತ್ತರದ ಹೋರ್ನ್ ಪಟ್ಟಣದಲ್ಲಿ 1989ರಲ್ಲಿ ಶುರುವಾದ ಹೋರ್ನ್ ಸ್ಟಡಿ ಅದು. ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಿರದ 50ರಿಂದ 74 ವಯಸ್ಸಿನವರನ್ನು, ಹಿಂದಿನ ಐದು ವರ್ಷಗಳಲ್ಲಿ ಆಪ್ತರ ಸಾವಿನಂಥ ದೊಡ್ಡ ಪೆಟ್ಟುಗಳು ಬಿದ್ದಿವೆಯೇ ಎಂದು ಕೇಳಿದರು, ರಕ್ತಪರೀಕ್ಷೆಯನ್ನೂ ಮಾಡಿದರು. 2000ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೆಚ್ಚು ಪೆಟ್ಟು ತಿಂದವರಲ್ಲಿ ಗೊತ್ತಾಗದೆ ಉಳಿದ ಮಧುಮೇಹ ಹೆಚ್ಚಿತ್ತು. ಕಾಯಿಲೆಯ ವಿಷಯ ಅವರಿಗೇ ಗೊತ್ತಿರಲಿಲ್ಲವಾದ್ದರಿಂದ, ಕಾಯಿಲೆಯ ಚಿಂತೆಯೇ ಇದಕ್ಕೆ ಕಾರಣ ಎನ್ನುವಂತಿಲ್ಲ. ಹಾಗೆಂದು ಒಂದು ಅಧ್ಯಯನದಿಂದ ದುಃಖವೇ ಕಾಯಿಲೆ ತಂದಿತೆಂದು ಸಾಧಿಸಿದಂತೆಯೂ ಅಲ್ಲ. ನಂಟಿದೆ, ಅಷ್ಟೇ.

ಇನ್ನು ಈ ದೇಶದ ನೆನಪಿನಲ್ಲಿ ಇಂದಿಗೂ ಆರದ ಗಾಯವೊಂದಕ್ಕೆ ಬರುತ್ತೇನೆ: 1944–45ರ ಹಸಿವಿನ ಚಳಿಗಾಲ. 1944ರ ಸೆಪ್ಟೆಂಬರಿನಲ್ಲಿ ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದರು. ಜರ್ಮನರು ಸೇಡಿಗಾಗಿ ಪಶ್ಚಿಮದ ನಗರಗಳಿಗೆ ಆಹಾರ ಸಾಗಿಸುವುದನ್ನು ತಡೆದರು. ಆ ತಡೆ ಸಡಿಲವಾಗುವ ಹೊತ್ತಿಗೆ ಕಾಲುವೆಗಳು ಹೆಪ್ಪುಗಟ್ಟುತ್ತ ಬಂದವು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಬ್ಬರ ಪಡಿತರ ದಿನಕ್ಕೆ 1000 ಕ್ಯಾಲರಿಗಿಂತ ಕೆಳಗಿಳಿಯಿತು, ಒಂದೊಂದು ಕಾಲಕ್ಕೆ ಅದರ ಅರ್ಧವೂ ಇರಲಿಲ್ಲ. ಜನ ಟ್ಯೂಲಿಪ್ ಗೆಡ್ಡೆ ಬೇಯಿಸಿ ತಿಂದರು. ಸುಮಾರು 20,000 ಜನ ಸತ್ತರು. ಆ ಚಳಿಗಾಲದಲ್ಲೂ ಹೆಂಗಸರು ಬಸುರಿಯಾಗಿದ್ದರು. ನಗರದ ವಿಲ್ಹೆಲ್ಮಿನಾ ಆಸ್ಪತ್ರೆಯಲ್ಲಿ ಹೆರಿಗೆಗಳು ನಡೆದವು, ಪ್ರತಿ ಹೆರಿಗೆಯ ದಾಖಲೆಯೂ ಉಳಿಯಿತು.

ಐವತ್ತು ವರ್ಷದ ನಂತರ ಸಂಶೋಧಕರು ಆ ಮಕ್ಕಳನ್ನು ಹುಡುಕಿದರು. ಸುಮಾರು 700 ಜನರಿಗೆ ಸಕ್ಕರೆ ಪರೀಕ್ಷೆ ಮಾಡಿ 1998ರಲ್ಲಿ ಪ್ರಕಟಿಸಿದರು. ತಾಯಿಯ ಗರ್ಭದಲ್ಲಿದ್ದಾಗ ಹಸಿವಿಗೆ ಸಿಕ್ಕವರ ದೇಹ, ಅದರಲ್ಲೂ ಬಸಿರಿನ ನಡು ಮತ್ತು ಕೊನೆಯ ತಿಂಗಳುಗಳಲ್ಲಿ ಸಿಕ್ಕವರದು, ಸಕ್ಕರೆಯನ್ನು ನಿಭಾಯಿಸುವುದರಲ್ಲಿ ಹಿಂದಿತ್ತು. ಆ ಪೀಳಿಗೆಯನ್ನು ಮಾನಸಿಕ ಒತ್ತಡದ ಪರೀಕ್ಷೆಗೂ ಒಡ್ಡಿದರು. ಬಸಿರಿನ ಮೊದಲ ತಿಂಗಳುಗಳಲ್ಲಿ ಹಸಿವಿಗೆ ಸಿಕ್ಕವರ ರಕ್ತದೊತ್ತಡ ಹೆಚ್ಚು ಏರಿತು. ಕಾರ್ಟಿಸಾಲ್‌ನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ದೇಹದ ಲೆಕ್ಕ ನಾವಂದುಕೊಂಡಷ್ಟು ಸರಳವಲ್ಲ.

ಇಂಥದೇ ಹಳೆಯ ದಫ್ತರು ನಮ್ಮ ಮೈಸೂರಿನಲ್ಲೂ ಇತ್ತು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ನಮ್ಮ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟಿತ್ತು. 1990ರ ದಶಕದಲ್ಲಿ ಇಂಗ್ಲೆಂಡಿನ ಕ್ಯಾರೊಲಿನ್ ಫಾಲ್ ಮತ್ತು ಅಲ್ಲಿನ ವೈದ್ಯರು ಆ ಮಕ್ಕಳನ್ನು, ಅಷ್ಟರಲ್ಲಿ ನಡುವಯಸ್ಕರಾಗಿದ್ದವರನ್ನು, ಹುಡುಕಿದರು. ಸಿಕ್ಕವರಲ್ಲಿ 506 ಜನರನ್ನು ಪರೀಕ್ಷಿಸಿದಾಗ ಕಂಡದ್ದು ಯುರೋಪಿನ ಕಥೆಯಲ್ಲ. ಹುಟ್ಟುವಾಗ ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಿತ್ತು. ಬಸಿರಿನಲ್ಲಿ ತಾಯಿಗೆ ಏರಿದ ಸಕ್ಕರೆಯ ನೆರಳು ಮಗುವಿನ ಮೇಲೆ ಬಿದ್ದಿರಬಹುದೆಂಬ ಶಂಕೆ ಅಲ್ಲಿಂದ ಬಂತು. ಅದನ್ನು ನೋಡಲು ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರಾಗಿದ್ದವರನ್ನು, ಮುಂದೆ ಅವರ ಮಕ್ಕಳನ್ನು ಹಿಂಬಾಲಿಸುವ ಕೆಲಸ ಶುರುವಾಯಿತು. ಆ ಮಕ್ಕಳು ಹದಿಮೂರು ದಾಟಿದಾಗ ಅವರಲ್ಲಿ ಕೆಲವರನ್ನು ಪರೀಕ್ಷಕರ ಎದುರು ನಿಲ್ಲಿಸಿ ಭಾಷಣ ಮಾಡಿಸಿದರು, ಬಾಯಿಲೆಕ್ಕ ಹಾಕಿಸಿದರು. ಬಸಿರಿನಲ್ಲಿ ಸಕ್ಕರೆ ಇದ್ದ ತಾಯಂದಿರ ಮಕ್ಕಳ ರಕ್ತದೊತ್ತಡ ಉಳಿದವರಿಗಿಂತ ಹೆಚ್ಚು ಏರಿತು. ಅಂದರೆ ಒತ್ತಡಕ್ಕೆ ದೇಹ ಹೇಗೆ ಸ್ಪಂದಿಸಬೇಕೆಂಬುದರ ಒಂದು ಪಾಲು ಹುಟ್ಟುವ ಮೊದಲೇ ತೀರ್ಮಾನವಾಗಿರಬಹುದು.

ಆಮ್‌ಸ್ಟರ್‌ಡ್ಯಾಮ್ ಮತ್ತು ಮೈಸೂರು, ಒಂದು ಹಸಿವಿನ ಕಥೆ, ಇನ್ನೊಂದು ಹಾಗಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ಓದಿದಾಗ ನನಗೆ ಹೊಳೆಯುವುದು ಇದು: ಸಕ್ಕರೆಯ ಅಂಕಿಯಲ್ಲಿ ಆ ದಿನದ ಊಟವಿದೆ, ಆ ವಾರದ ಚಿಂತೆಯಿದೆ, ತಾಯಿಯ ಬಸಿರೂ ಇದೆ. ಹಾಗಿರುವಾಗ "ನೀವು ಟೆನ್ಶನ್ ಮಾಡ್ಕೊಂಡಿದ್ದಕ್ಕೇ ಹೀಗಾಯ್ತು" ಎಂದು ಕಾಯಿಲೆಯಾದವರ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಆ ಮಾತೇ ಇನ್ನೊಂದು ಟೆನ್ಶನ್ ಆಗುತ್ತದೆ. "ಎಲ್ಲ ಮನಸ್ಸಿನದ್ದು" ಎಂದು ಮಾತ್ರೆ ಬಿಡಿಸುವವರ ಮಾತು ಅದಕ್ಕಿಂತ ಅಪಾಯ.

ನಮಗೆ ಇದು ದೂರದ ಇತಿಹಾಸವಲ್ಲ. 1873ರಿಂದ ಭಾರತದಿಂದ ಸುರಿನಾಮ್‌ಗೆ ಕೂಲಿಗಳಾಗಿ ಹೋದವರ ಮೊಮ್ಮಕ್ಕಳು, ಮರಿಮಕ್ಕಳು ಇಂದು ಹೇಗ್ ನಗರದಲ್ಲಿ ನಮ್ಮ ನೆರೆಯವರು. ಅವರಲ್ಲಿ ಮಧುಮೇಹ ಡಚ್ಚರಿಗಿಂತ ಹಲವು ಪಟ್ಟು ಹೆಚ್ಚು, ಬರುವುದೂ ಬೇಗ. ನಮ್ಮ ಮೈಯೂ ದಕ್ಷಿಣ ಏಷ್ಯಾದ್ದೇ. ಮೂವತ್ತೈದು ದಾಟಿದವರು ಹಾಯ್ಸಾರ್ಟ್ಸ್ ಹತ್ತಿರ ಹೋಗಿ "ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆ ಇದೆ, ಪರೀಕ್ಷಿಸಿ" ಎಂದು ಬಾಯಿಬಿಟ್ಟು ಕೇಳಿ. ಈಗಾಗಲೇ ಕಾಯಿಲೆ ಇರುವವರು ಅಂಕಿಯ ಪಕ್ಕದಲ್ಲಿ ಆ ದಿನ ಏನಾಯಿತೆಂದು ಒಂದು ಪದ ಬರೆದಿಡಿ: ಜ್ವರ, ಜಗಳ, ನಿದ್ದೆಗೆಟ್ಟೆ, ಊರಿಂದ ಫೋನ್. ಊರಿನಿಂದ ಬಂದ ಹಿರಿಯರ ಮೀಟರ್ 126 ತೋರಿಸಿದರೆ ಇಲ್ಲಿಯ ಲೆಕ್ಕದಲ್ಲಿ ಅದು 7. ಹದಿನೆಂಟರಿಂದ ಭಾಗಿಸಿದರೆ ಸಾಕು, ಗಾಬರಿ ಬೇಡ.

ಇನ್ನು ಮುಂದೆ ಫೋನಿನಲ್ಲಿ "ಟೆನ್ಶನ್ ಮಾಡ್ಕೋಬೇಡಿ" ಎನ್ನುವ ಮೊದಲು "ಏನು ಟೆನ್ಶನ್ ಅಮ್ಮಾ, ಹೇಳಿ" ಎಂದು ಕೇಳೋಣ. ಹಳೆಯ ವೈದ್ಯರು ರೋಗಿಯ ಕಥೆ ಕೇಳಿಯೇ ಈ ನಂಟನ್ನು ಕಂಡುಕೊಂಡದ್ದು. ಆ ಕೆಲಸಕ್ಕೆ ಪ್ರಯೋಗಶಾಲೆ ಬೇಕಿಲ್ಲ.